ನಾನು ಕೋಡಿಯಲ್ಲಿ ಬೆಳೆದವಳು

ನಮ್ಮ ವಾರ್ಡಿನ ಸಭೆಯಲ್ಲಿ ಅಂದು ತೀರ್ಮಾನವಾಗಬೇಕಿದ್ದದ್ದು ಸರಳ ಸಂಗತಿ: ಮಳೆಗಾಲದಲ್ಲಿ ಕೆರೆಯ ನೀರು ನಮ್ಮ ಮನೆಯೊಳಗೆ ಬರಬೇಕೇ, ಬೇಡವೇ. ಸಭೆಯಲ್ಲಿದ್ದ ಎಲ್ಲರಿಗೂ ಅದು ಗೊತ್ತಿತ್ತು. ಆ ಮನೆಯ ಕೆಳ ಅಂತಸ್ತಿನಲ್ಲಿ ಮಲಗುವ ನನಗೆ ಮಾತ್ರ ಗೊತ್ತಿರಲಿಲ್ಲ. ಗೊತ್ತಿಲ್ಲದಿದ್ದರೂ ಎದ್ದು ನಿಂತು ಭಾಷಣ ಮಾಡಿದೆ. ನೀರು ಬರಲಿ ಎಂದೇ ಮಾಡಿದೆ.

ಮನೆ ಇರುವುದು ಜೆ.ಪಿ. ನಗರದಿಂದ ಕೋಣನಕುಂಟೆಯ ಕಡೆಗೆ ಇಳಿಯುವ ಒಂದು ಅಡ್ಡರಸ್ತೆಯಲ್ಲಿ. ‘ಇಳಿಯುವ’ ಎಂಬುದನ್ನು ನಾನು ಗಮನಿಸಿರಲಿಲ್ಲ. ಆಟೋದವರು ಗಮನಿಸಿದ್ದರು. ಮೋಡ ಕಂಡರೆ ಸಾಕು, ಕೆಳಗಡೆ ಬರೋಲ್ಲ ಎಂದು ಮೇಲಿನ ಸರ್ಕಲ್ಲಿನಲ್ಲೇ ಇಳಿಸಿಬಿಡುತ್ತಿದ್ದರು. ಅದನ್ನು ನಾನು ಬೆಂಗಳೂರಿನ ಆಟೋದವರ ಸ್ವಭಾವ ಎಂದುಕೊಂಡಿದ್ದೆ. ರಸ್ತೆಯ ಕೊನೆಗೆ ಕೆರೆ. ಮೇಲಿನ ಬಡಾವಣೆಗಳ ನೀರನ್ನೆಲ್ಲ ಹೊತ್ತು ತರುವ ದೊಡ್ಡ ಮೋರಿ ನಮ್ಮ ಮನೆಯ ಪಕ್ಕದಲ್ಲೇ ಹಾದು ಆ ಕೆರೆಗೆ ಸೇರುತ್ತದೆ.

ಮನೆಯೊಡತಿಯನ್ನು ಬೀದಿಯಲ್ಲೆಲ್ಲ ಓನರ್ ಅಕ್ಕ ಎನ್ನುತ್ತಾರೆ. ಇದೇ ಜಾಗದಲ್ಲಿ ಅವರ ಮಾವನವರು ರಾಗಿ, ಸೊಪ್ಪು ಬೆಳೆದು ಸಾರಕ್ಕಿ ಸಂತೆಗೆ ಒಯ್ಯುತ್ತಿದ್ದರಂತೆ. ಈಗ ಅದೇ ನೆಲದಲ್ಲಿ ಮೂರು ಅಂತಸ್ತು ಬೆಳೆದಿದೆ. ಮೇಲಿನದನ್ನೆಲ್ಲ ಬಾಡಿಗೆಗೆ ಕೊಟ್ಟು, ಮಂಡಿನೋವಿನ ಕಾರಣಕ್ಕೆ ಅಕ್ಕ ಕೆಳಗೇ ಉಳಿದಿದ್ದಾರೆ, ನನ್ನ ಬಾಗಿಲಿಗೆ ಎದುರುಬಾಗಿಲು. ಮನೆಯ ಒಂದು ಮೂಲೆ ಮೋರಿಯ ಮೇಲೆ ತುಸು ಚಾಚಿಕೊಂಡಿದೆ. ನನ್ನ ಓದುವ ಕೋಣೆ ಇರುವುದು ಆ ಮೂಲೆಯಲ್ಲೇ. ಅದು ಅಲ್ಲಿಗೆ ಹೇಗೆ ಚಾಚಿತು ಎಂದು ನಾನು ಕೇಳಿಲ್ಲ, ಅವರು ಹೇಳಿಲ್ಲ.

ಎರಡೂ ಬಾಗಿಲುಗಳಿಗೆ ಮೊಣಕಾಲೆತ್ತರದ ಕಲ್ಲಿನ ಹೊಸಿಲು. ಅಕ್ಕ ಪ್ರತಿ ಶುಕ್ರವಾರ ಅದಕ್ಕೆ ಅರಿಶಿನ ಬಳಿದು ರಂಗೋಲಿ ಎಳೆಯುತ್ತಾರೆ. ಮನೆ ನೋಡಲು ಬಂದ ದಿನವೇ ನಾನು ಮನಸೋತದ್ದು ಈ ಹೊಸಿಲಿಗೆ. ಒಳಗಿನ ಲೋಕಕ್ಕೂ ಹೊರಗಿನ ಲೋಕಕ್ಕೂ ನಡುವಿನ ಗಡಿ ಎಂದು ದಿನಚರಿಯಲ್ಲಿ ಉದ್ದಕ್ಕೆ ಬರೆದೆ. ಮನೆಗೆ ಬಂದ ಗೆಳತಿಯರಿಗೆ ತೋರಿಸಿ, ಹಳೆಯ ಹಳ್ಳಿಯ ಪದ್ಧತಿ, ನಗರ ಬಂದು ಸುತ್ತುವರಿದರೂ ಬಿಟ್ಟುಕೊಟ್ಟಿಲ್ಲ ನೋಡಿ ಎಂದೆ. ಒಮ್ಮೆ ಅಕ್ಕ ಇದನ್ನು ಕೇಳಿಸಿಕೊಂಡು ನನ್ನತ್ತ ಒಂದು ನೋಟ ನೋಡಿದರು. ಅದನ್ನು ಮೆಚ್ಚುಗೆ ಎಂದುಕೊಂಡೆ. ನಾನು ಬಂದ ವರ್ಷ ಮಳೆ ಕೈಕೊಟ್ಟಿತ್ತು. ಆ ನೋಟದ ಅರ್ಥ ತಿಳಿಯುವ ಸಂದರ್ಭವೇ ಬರಲಿಲ್ಲ.

ಇನ್ನು ಇಷ್ಟಕ್ಕೆಲ್ಲ ಕಾರಣವಾದ ಆ ಪದ, ಕೋಡಿ. ಕೆರೆ ತುಂಬಿದ ಮೇಲೆ ಹೆಚ್ಚಾದ ನೀರು ಹೊರಗೆ ಹರಿದುಹೋಗಲು ಕಟ್ಟೆಯಲ್ಲಿ ಬಿಟ್ಟಿರುವ ತಗ್ಗು ದಾರಿಗೆ ಕೋಡಿ ಎನ್ನುತ್ತಾರೆ. ಬೆಂಗಳೂರು, ತುಮಕೂರು, ಕೋಲಾರದ ಕಡೆ ಇದು ಮಗುವಿಗೂ ಗೊತ್ತಿರುವ ಮಾತು. ನಾನು ಕರಾವಳಿಯವಳು. ನಮ್ಮ ಕಡೆ ಕೋಡಿ ಎಂದರೆ ನೆಲದ ಮೂಗು. ಹೊಳೆ ಕಡಲನ್ನು ಸೇರುವಲ್ಲಿ ನೀರಿನೊಳಗೆ ಚಾಚಿಕೊಂಡ ಮರಳಿನ ತುದಿ. ಸಂಜೆ ಕೋಡಿಗೆ ಹೋಗುವುದೆಂದರೆ ಚುರುಮುರಿ ತಿಂದು, ಸೂರ್ಯ ಮುಳುಗುವುದನ್ನು ನೋಡಿ, ಚಪ್ಪಲಿಯಲ್ಲಿ ಮರಳು ತುಂಬಿಕೊಂಡು ಬರುವುದು. ಕಂಪನಿಗಳ ಕೈಪಿಡಿಗಳನ್ನು ಕನ್ನಡಕ್ಕೆ ತರುವುದು ನನ್ನ ಹೊಟ್ಟೆಪಾಡು. ‘ಕಣ್ಣೀರ ಕೋಡಿ’ ಎಂಬ ಮಾತನ್ನು ಎಷ್ಟೋ ಸಲ ಓದಿದ್ದೇನೆ, ಒಂದೆರಡು ಸಲ ಬರೆದೂ ಇದ್ದೇನೆ. ಕೆನ್ನೆಯ ತುದಿಯಲ್ಲಿ ಬೀಳದೆ ನಿಂತ ಹನಿ ಎಂದುಕೊಂಡು ಬರೆದಿದ್ದೇನೆ.

ನಮ್ಮ ಕೆರೆಯಲ್ಲೂ ಒಂದು ಕಡೆ ನೆಲ ನೀರಿನೊಳಗೆ ಸ್ವಲ್ಪ ಚಾಚಿದೆ. ಬೆಳಗ್ಗೆ ಅಲ್ಲಿ ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸಿಕೊಳ್ಳುತ್ತವೆ. ವಾಕಿಂಗ್ ಬಳಗದ ನಾವೂ ಅಲ್ಲೇ ಹೆಚ್ಚುಕಡಿಮೆ ಅದನ್ನೇ ಮಾಡುತ್ತೇವೆ. ಬಳಗಕ್ಕೆ ಒಬ್ಬ ಹಿರಿಯರಿದ್ದಾರೆ. ಹುಟ್ಟಿದ್ದು ಬಸವನಗುಡಿ, ನೌಕರಿ ಮಾಡಿದ್ದು ಬ್ಯಾಂಕಿನಲ್ಲಿ. ಈಗ ಮೇಲಿನ ರಸ್ತೆಯ ಅಪಾರ್ಟ್‌ಮೆಂಟಿನಲ್ಲಿ ಕೆರೆಯ ಕಡೆಗಿನ ಬಾಲ್ಕನಿ ಅವರದು. ಕೆರೆ ಬತ್ತಿದ ಆ ಬೇಸಿಗೆಯಲ್ಲಿ ಅವರು ದಿನವೂ, ಕೋಡಿ ಎತ್ತರಿಸಿದರೆ ಕೆರೆ ನೋಡುವ ಹಾಗಾಗುತ್ತದೆ ಎನ್ನುತ್ತಿದ್ದರು. ಹೌದು, ಅಲ್ಲಿ ಕೂತರೆ ಚೂಡಿದಾರಕ್ಕೆ ಕೆಸರು ಮೆತ್ತುತ್ತದೆ, ಸ್ವಲ್ಪ ಮಣ್ಣು ಹಾಕಿ ಎತ್ತರಿಸಲಿ ಎಂದು ಮನಸ್ಸಿನಲ್ಲೇ ಅಂದುಕೊಂಡು ನಾನೂ ತಲೆಯಾಡಿಸಿದೆ. ಚೂಡಿದಾರದ ಮಾತನ್ನು ಬಾಯಿಬಿಟ್ಟು ಆಡಿದ್ದರೆ ಅಲ್ಲಿಗೇ ಎಲ್ಲ ಮುಗಿಯುತ್ತಿತ್ತು. ಆದರೆ ಪರಿಸರದ ವಿಷಯ ಮಾತಾಡುವಾಗ ಬಟ್ಟೆಯ ಮಾತೆತ್ತುವುದು ಕ್ಷುಲ್ಲಕ ಅನ್ನಿಸಿತು.

ವಾರ್ಡ್ ಸಭೆಗೆ ದಿನ ಗೊತ್ತಾದಾಗ ಬಳಗದ ಪರವಾಗಿ ನಾನು ಮಾತಾಡಬೇಕು ಎಂದಾಯಿತು. ಅದಕ್ಕೆ ಕಾರಣ ನಾನೇ. ಓದುವ ಕಾಲದಲ್ಲಿ ನಮ್ಮ ಕರಾವಳಿಯ ನಗರದಲ್ಲಿ ಕಡಲ್ಕೊರೆತದ ಬಗ್ಗೆ ಪಾಲಿಕೆಯ ಸಭೆಯೊಂದು ನಡೆದಿತ್ತು. ದಡಕ್ಕೆ ಬಂಡೆ ಸುರಿಯಬೇಕೋ ಬೇಡವೋ ಎಂಬ ಚರ್ಚೆ. ವಿದ್ಯಾರ್ಥಿಗಳಾಗಿ ನಾವೂ ಹೋಗಿದ್ದೆವು. “ಇಲ್ಲಿ ಕಲ್ಲು ಹಾಕಿದರೆ ಕಡಲು ಸುಮ್ಮನಿರುವುದಿಲ್ಲ, ಪಕ್ಕದ ಊರನ್ನು ತಿನ್ನಲು ಹೋಗುತ್ತದೆ” ಎಂದು ನಾನು ಎದ್ದು ನಿಂತು ಹೇಳಿದ್ದು, ಸಭೆ ಒಂದು ಕ್ಷಣ ಸ್ತಬ್ಧವಾದದ್ದು, ಫ್ಯಾನಿನ ಸದ್ದು ಕೇಳಿಸಿದ್ದು ನನಗೆ ನಿಚ್ಚಳವಾಗಿ ನೆನಪಿದೆ. ಇದನ್ನು ವಾಕಿಂಗ್ ಬಳಗಕ್ಕೆ ಹಲವು ಸಲ ಹೇಳಿದ್ದೆ. ಸಭೆಯ ಹಿಂದಿನ ದಿನ ಹುಮ್ಮಸ್ಸು ಬೇಕೆನಿಸಿ ಆಗಿನ ಸಹಪಾಠಿಗೆ ಫೋನು ಮಾಡಿದೆ. ಅವಳು ಬಹಳ ಹೊತ್ತು ಯೋಚಿಸಿ, “ನೀ ಎಂತ ಮಾತಾಡಿದ್ದು ಮಾರಾಯ್ತಿ? ಅದು ಹಿಂದೆ ಕೂತ ಆ ವಕೀಲರು ಹೇಳಿದ್ದು. ನೀ ಬಿಸ್ಕೂಟು ತಿಂದು ಬಂದದ್ದಲ್ವಾ?” ಎಂದಳು.

ಅವಳ ನೆನಪೇ ಸರಿ ಎನ್ನಲು ನನ್ನಲ್ಲಿ ಪುರಾವೆಯಿಲ್ಲ. ನನ್ನದು ಸರಿ ಎನ್ನಲೂ ಇಲ್ಲ. ಆದರೆ ಬಿಸ್ಕತ್ತಿನ ರುಚಿ ಅಂದಿನಿಂದ ನೆನಪಿಗೆ ಬರತೊಡಗಿದೆ.

ಸಭೆ ನಡೆದದ್ದು ವಾರ್ಡಿನ ಸಮುದಾಯ ಭವನದಲ್ಲಿ. ಚುನಾವಣೆಯಿಲ್ಲದೆ ವರ್ಷಗಳಾಗಿರುವುದರಿಂದ ನಮಗೆ ಕಾರ್ಪೊರೇಟರ್ ಇಲ್ಲ. ಸಭೆ ನಡೆಸುವವರು ಒಬ್ಬ ಇಂಜಿನಿಯರ್. ಒಳಗೆ ಬಂದಾಗ ಓನರ್ ಅಕ್ಕ ನಮ್ಮ ಬೀದಿಯ ಇಬ್ಬರು ಹೆಂಗಸರೊಂದಿಗೆ ಹಿಂದಿನ ಸಾಲಿನಲ್ಲಿ ಕೂತಿದ್ದರು. ನನ್ನ ಭಾಷಣ ಕೇಳಲು ಮಂಡಿನೋವು ಲೆಕ್ಕಿಸದೆ ಬಂದಿದ್ದಾರಲ್ಲ ಎಂದು ಹೃದಯ ತುಂಬಿ ಕೈ ಬೀಸಿದೆ. ಅವರೂ ಬೀಸಿದರು. ತಮ್ಮ ಪರವಾಗಿ ಮಾತಾಡಲು ಓದಿದವಳೊಬ್ಬಳು ಬಂದಳು ಎಂಬುದು ಅವರ ಸಂತೋಷವಾಗಿತ್ತು ಎಂದು ಆಮೇಲೆ ತಿಳಿಯಿತು.

ಬೀದಿನಾಯಿ, ಕಸದ ಲಾರಿ, ಯಾರೋ ರಾತ್ರೋರಾತ್ರಿ ಬೋಳಿಸಿದ ಹೊಂಗೆಮರ, ಇವೆಲ್ಲ ಮುಗಿದ ಮೇಲೆ ಇಂಜಿನಿಯರ್ ‘ಕೆರೆ ಕೋಡಿ ಎತ್ತರಿಸುವ ಕಾಮಗಾರಿ’ ಎಂದು ಓದಿದರು. ಹಿರಿಯರು ಕಣ್ಣಿನಲ್ಲೇ ಸನ್ನೆ ಮಾಡಿದರು. ಎದ್ದೆ.

“ನಾನು ಕೋಡಿಯಲ್ಲೇ ಆಡಿ ಬೆಳೆದವಳು” ಎಂದು ಆರಂಭಿಸಿದೆ.

“ಅದಕ್ಕೇ ಇಲ್ಲೀವರ್ಗೂ ತೇಲ್ಕೊಂಡ್ ಬಂದಿದಾರೆ” ಎಂದರು ಹಿಂದಿನಿಂದ ಯಾರೋ.

ಸಭೆ ನಕ್ಕಿತು. ನನ್ನ ಮಾತು ಜನರನ್ನು ಮುಟ್ಟುತ್ತಿದೆ ಎಂದುಕೊಂಡು ಮುಂದುವರಿದೆ. ಕೋಡಿ ಎತ್ತರವಿದ್ದಷ್ಟೂ ಊರಿಗೆ ಶೋಭೆ ಎಂದೆ. ಸಂಜೆ ಹೆಂಗಸರು ಮಕ್ಕಳು ಅಲ್ಲಿ ಬಂದು ಕೂರುವಂತಾಗಬೇಕು, ಸಾಧ್ಯವಾದರೆ ಕಲ್ಲುಬೆಂಚು ಹಾಕಬೇಕು ಎಂದೆ. ಇಂಜಿನಿಯರ್ ಪೆನ್ನು ಎತ್ತಿ, ಕೋಡಿಯ ಮೇಲೆ ಬೆಂಚೇ ಎಂದು ಕೇಳಿದರು. ಹಿರಿಯರು ಪಕ್ಕದಿಂದ ಬ್ಯೂಟಿಫಿಕೇಶನ್, ಬ್ಯೂಟಿಫಿಕೇಶನ್ ಎಂದು ಪಿಸುಗುಟ್ಟಿದರು. ಆ ಪದ ಬಿದ್ದೊಡನೆ ಇಂಜಿನಿಯರ್ ತಲೆಯಾಡಿಸಿ ಬರೆದುಕೊಂಡರು. ಆ ಒಂದು ಪದದ ನೆರಳಿನಲ್ಲಿ ಈ ಊರಿನಲ್ಲಿ ಏನು ಬೇಕಾದರೂ ಕೂರಬಹುದು, ಹರಿಯುವ ನೀರಿನ ಮೇಲೆ ಬೆಂಚು ಕೂಡ.

ಆಮೇಲೆ ಅವರು ನಾನಿರುವ ರಸ್ತೆ ಯಾವುದೆಂದು ಕೇಳಿದರು. ಹೇಳಿದೆ. ಅವರ ಮುಖ ಅರಳಿತು.

“ಕೆಳಗಿನ ರೋಡಿನವ್ರದ್ದು ತಕರಾರಿದೆ ಅಂದಿದ್ರು. ಇವ್ರೇ ಆ ರೋಡಿನವ್ರು, ಬೇಕು ಅಂತಿದಾರೆ. ಮತ್ತಿನ್ನೇನ್ರೀ?”

ಓನರ್ ಅಕ್ಕ ಮಂಡಿಯ ಮೇಲೆ ಕೈಯೂರಿ ನಿಧಾನವಾಗಿ ಎದ್ದರು.

“ಮೇಡಂ, ಒಂದ್ ಮಾತು. ಕೋಡಿ ಎತ್ರ ಮಾಡಿದ್ರೆ ನೀರು ಎಲ್ಲಿಗ್ ಹೋಗುತ್ತೆ?”

“ಎಲ್ಲಿಗೂ ಹೋಗಲ್ಲ ಅಕ್ಕ, ಕೆರೆಯಲ್ಲೇ ಇರುತ್ತೆ.”

“ಕೆರೆ ತುಂಬಿದ್ಮೇಲೆ?”

ನೀರಿಗೆ ಚಾಚಿದ ನೆಲಕ್ಕೂ ಕೆರೆ ತುಂಬುವುದಕ್ಕೂ ಏನು ಸಂಬಂಧ ಎಂದು ನಾನು ಯೋಚಿಸುತ್ತಾ ನಿಂತೆ.

“ನಾನೇ ಹೇಳ್ತೀನಿ. ಮೋರಿ ನೀರು ಕೆರೆಗಿಳಿಯಕ್ಕಾಗ್ದೆ ವಾಪಸ್ ಬರುತ್ತೆ. ಮೊದ್ಲು ನಿಮ್ ಮಂಚದ ಕೆಳಕ್ಕೆ, ಆಮೇಲೆ ನಮ್ ದೇವ್ರಮನೆಗೆ. ನಮ್ಮನೆ ಹೊಸ್ಲು ಅಷ್ಟೆತ್ರ ಯಾಕಿದೆ ಅನ್ಕೊಂಡ್ರಿ ಮೇಡಂ? ಸಂಸ್ಕೃತಿಗಾ?”

ಫ್ಯಾನಿನ ಸದ್ದು ಕೇಳಿಸಿದ್ದು ಆಗ. ಇದನ್ನು ಬರೆಯುತ್ತಾ ಅನುಮಾನ ಬರುತ್ತಿದೆ, ಕರಾವಳಿಯ ಸಭೆಯ ಫ್ಯಾನು ಇಲ್ಲಿಂದ ಅಲ್ಲಿಗೆ ಹೋಯಿತೋ, ಅಲ್ಲಿಂದ ಇಲ್ಲಿಗೆ ಬಂತೋ. ಆದರೆ ಆ ಕ್ಷಣದಲ್ಲಿ ನನಗೆ ಎಲ್ಲವೂ ಒಟ್ಟಿಗೆ ಅರ್ಥವಾಯಿತು: ಹೊಸಿಲು, ಆಟೋದವರು, ಅಕ್ಕನ ನೋಟ, ಮಂಚದ ಕೆಳಗೆ ನಾನು ಜೋಡಿಸಿಟ್ಟ ಪುಸ್ತಕದ ಪೆಟ್ಟಿಗೆಗಳು. ‘ಕಣ್ಣೀರ ಕೋಡಿ’ಯ ಅರ್ಥ ಕೂಡ.

ಹಿರಿಯರು ಸೋಲುವವರಲ್ಲ. ಕೆರೆಯಂಗಳದಲ್ಲಿ ಮನೆ ಕಟ್ಟಿಕೊಂಡರೆ ನೀರು ಬರದೆ ಇನ್ನೇನು ಬರುತ್ತದೆ ಎಂದರು. ಅಕ್ಕ ಅವರತ್ತ ತಿರುಗಿದರು.

“ನಿಮ್ ಅಪಾರ್ಟ್‌ಮೆಂಟಿನ ಬಚ್ಚಲ ನೀರು ಬರೋದು ನಮ್ಮನೆ ಪಕ್ಕಾನೇ ಸಾರ್. ನೀವು ಯಾವ ಸೋಪಲ್ಲಿ ಸ್ನಾನ ಮಾಡ್ತೀರ ಅಂತ ನಂಗೊತ್ತು.”

ಅವರು ಕೂತುಬಿಟ್ಟರು. ನಿಜ ಹೇಳಬೇಕೆಂದರೆ ಅವರ ಮಾತಿನಲ್ಲೂ ಹುರುಳಿತ್ತು. ಮೋರಿಯ ಮೇಲೆ ಚಾಚಿದ ಕೋಣೆಯಲ್ಲಿ ಕೂತು ಕೆರೆ ಉಳಿಸುವ ಭಾಷಣ ಬರೆದವಳು ನಾನು. ಆದರೆ ಹುರುಳು ಯಾರ ಕಡೆ ಎಷ್ಟಿದೆ ಎಂದು ತೂಗುವ ಹೊತ್ತು ಅದಾಗಿರಲಿಲ್ಲ. ಇಂಜಿನಿಯರ್ ಗಡಿಯಾರ ನೋಡಿ, ಕೈ ಎತ್ತಿಸಿ ಮುಗಿಸೋಣ ಎನ್ನುತ್ತಿದ್ದರು. ವಾಕಿಂಗ್ ಬಳಗ ತುಂಬಿ ಬಂದಿತ್ತು. ಕೆಳಗಿನ ಬೀದಿಯಿಂದ ಬಂದವರು ಹಿಂದಿನ ಸಾಲಿನ ಆ ಮೂವರೇ. ಕೈಗಳು ಮೇಲೇಳುವ ಮೊದಲು ನಾನು ಹೇಳಿದ್ದು, ಹೇಳಿದೆ ಎಂದು ನಾನು ನಂಬಿರುವುದು, ಇಷ್ಟು:

“ಸಾರ್, ನಾನು ಹೇಳಿದ ಕೋಡಿ ಬೇರೆ.”

“ಬೇರೆ ಅಂದ್ರೆ? ಕೆರೆಗಿರೋದು ಒಂದೇ ಕೋಡಿ ಮೇಡಂ.”

ನಮ್ಮೂರ ಕೋಡಿಯನ್ನು ವಿವರಿಸಿದೆ. ಮರಳು, ಹೊಳೆ, ಚುರುಮುರಿ. ವಿವರಿಸಿದಷ್ಟೂ ಹಳ್ಳ ಆಳವಾಗುತ್ತಿತ್ತು. ಸಭೆಯ ಮುಖಗಳಲ್ಲಿ ಮೊದಲು ಗೊಂದಲ, ಆಮೇಲೆ ಅನುಕಂಪ, ಕೊನೆಗೆ ಅಪ್ಪಟ ಸಂತೋಷ ಕಾಣಿಸಿತು. ಬಿಟಿಎಂ ಲೇಔಟಿನಲ್ಲಿ ಪಿಜಿ ನಡೆಸುವ, ಮನೆಮಾತು ತೆಲುಗಿನ ಒಬ್ಬರು ನಮ್ಮ ವಾರ್ಡಿನಲ್ಲೇ ಇದ್ದಾರೆ. ಅವರು ಎದ್ದು, “ನಮ್ಮಲ್ಲಿ ಕೋಡಿ ಅಂದ್ರೆ ಕೋಳಿ ಸಾರ್. ಎತ್ರ ಆಗ್ಬೇಕಂದ್ರೆ ಕಾಳು ಹಾಕ್ಬೇಕು ಅಷ್ಟೇ” ಎಂದರು. ತಮಿಳಿನಲ್ಲಿ ಕೋಡಿ ಎಂದರೆ ಕೋಟಿ ಎಂದು ಇನ್ನೊಬ್ಬರು ನೆನಪಿಸಿದರು. “ಹಂಗಾದ್ರೆ ಇವ್ರು ಎತ್ತಕ್ಕೆ ಹೊರಟಿರೋದು ಅದೇ ಇರ್ಬೇಕು ಗುರು” ಎಂದಿತು ಹಿಂದಿನ ಸಾಲು. ಇಂಜಿನಿಯರ್ ಮಾತ್ರ ನಗಲಿಲ್ಲ. ವಾಕಿಂಗ್ ಬಳಗದ ನಿವೃತ್ತ ಮೇಷ್ಟ್ರೊಬ್ಬರು ಕೋಡಿ ಪದದ ಮೂಲ ಯಾವುದೆಂದು ಹೇಳತೊಡಗಿದರು. ಇನ್ನೊಬ್ಬರಿಗೆ ಅದು ಒಪ್ಪಿಗೆಯಾಗಲಿಲ್ಲ. ಕೈ ಎತ್ತಬೇಕಾದವರೆಲ್ಲ ಎತ್ತಿದ ಕೈಯನ್ನು ಮಾತಾಡಲು ಬಳಸಿದರು.

ಅಷ್ಟರಲ್ಲಿ ಬಾಗಿಲಲ್ಲಿ ಬಾಳೆಕಂದು, ಹೂವಿನ ಬುಟ್ಟಿಗಳು ಕಾಣಿಸಿಕೊಂಡವು. ಭವನವನ್ನು ಮಧ್ಯಾಹ್ನ ಒಂದು ಸೀಮಂತಕ್ಕೆ ಕೊಟ್ಟಿದ್ದರು. ಬಸುರಿ ಹುಡುಗಿಯ ತಾಯಿ ಒಳಗೆ ಬಂದು, ಕುರ್ಚಿ ತಿರುಗಿಸಬೇಕು, ನಿಮ್ಮದು ಇನ್ನೂ ಎಷ್ಟು ಹೊತ್ತು ಎಂದು ಕೇಳಿದರು. ಅವರ ಮುಂದೆ ಯಾವ ಅಧಿಕಾರಿಯೂ ನಿಲ್ಲುವ ಹಾಗಿರಲಿಲ್ಲ. ಇಂಜಿನಿಯರ್ ನನ್ನತ್ತ ಬಾಗಿ, ಕೊನೆಗೆ ನೀವು ಪರವೋ ವಿರೋಧವೋ ಎಂದರು. ಕೋಡಿಗೆ ಪರ, ಎತ್ತರಕ್ಕೆ ವಿರೋಧ ಎಂದೆ. ಅವರು ನಿಟ್ಟುಸಿರು ಬಿಟ್ಟು, ವಿಷಯದಲ್ಲಿ ಸ್ಪಷ್ಟತೆಯಿಲ್ಲ, ಮಳೆಗಾಲದ ನಂತರದ ಸಭೆಗೆ ಎಂದು ಬರೆದು ಎದ್ದರು.

ಅಕ್ಕ ಮತ್ತು ನಾನು ಒಟ್ಟಿಗೇ ಇಳಿಜಾರು ಇಳಿದೆವು. ಈಗ ಅದು ಇಳಿಜಾರು ಎಂದು ಹೆಜ್ಜೆಹೆಜ್ಜೆಗೂ ತಿಳಿಯುತ್ತಿತ್ತು. ದಾರಿಯಲ್ಲಿ ಅವರು ದಂಟಿನ ಸೊಪ್ಪು ಕೊಂಡರು, ಚೌಕಾಸಿ ಮಾಡಿದರು, ನನ್ನೊಂದಿಗೆ ಮಾತ್ರ ಮಾತಾಡಲಿಲ್ಲ. ಕ್ಷಮಿಸಿ ಎನ್ನಲು ಬಾಯಿ ತೆರೆದೆ. ಅವರು ಸೊಪ್ಪಿನ ಕಟ್ಟನ್ನು ನನ್ನ ಕೈಗೆ ಕೊಟ್ಟು ಮಂಡಿ ನೀವಿಕೊಂಡರು. ಸಿಟ್ಟು ಎಂದುಕೊಂಡು, ಮನೆಗೆ ಹೋದವಳೇ ಪುಸ್ತಕದ ಪೆಟ್ಟಿಗೆಗಳನ್ನು ಮಂಚದ ಕೆಳಗಿನಿಂದ ಎಳೆದು ಅಟ್ಟಕ್ಕೆ ಏರಿಸಿದೆ. ಬಾಡಿಗೆಮನೆ ಹುಡುಕುವ ಆ್ಯಪ್ ಕೂಡ ಹಾಕಿಕೊಂಡೆ. ಅದು ನನಗೆ ತೋರಿಸಿದ ಮೊದಲ ಮನೆಗೆ ‘ಲೇಕ್ ವ್ಯೂ’ ಎಂದು ಹೆಸರು.

ಆ ವರ್ಷ ಮಳೆ ಬಾಕಿಯನ್ನೆಲ್ಲ ತೀರಿಸುವಂತೆ ಹೊಯ್ಯಿತು. ಒಂದು ಬೆಳಗ್ಗೆ ಅಕ್ಕ ಬಾಗಿಲು ಬಡಿದರು.

“ಕೋಡಿ ಬಿದ್ದಿದೆ, ಬನ್ನಿ ಮೇಡಂ.”

ಬಿದ್ದಿದೆ! ನಾನು ಲ್ಯಾಪ್‌ಟಾಪನ್ನೂ ಪಾಸ್‌ಪೋರ್ಟನ್ನೂ ಎದೆಗವಚಿಕೊಂಡು ಬರಿಗಾಲಿನಲ್ಲಿ ಹೊಸಿಲು ಹಾರಿದೆ. ಅಕ್ಕ ಅರಿಶಿನ ಕುಂಕುಮದ ತಟ್ಟೆ ಹಿಡಿದು ಹೊಸ ಸೀರೆಯುಟ್ಟು ನಿಂತಿದ್ದರು. ನನ್ನ ಅವತಾರ ನೋಡಿ ಗೋಡೆ ಹಿಡಿದುಕೊಂಡು ನಕ್ಕರು. ಕೋಡಿ ಬಿತ್ತು ಎಂದರೆ ಕುಸಿಯಿತು ಎಂದಲ್ಲ, ಕೆರೆ ತುಂಬಿ ಕೋಡಿಯ ಮೇಲೆ ಹರಿಯಿತು ಎಂದು. ಅದು ಶುಭ ಸಮಾಚಾರ. ಈ ಕಡೆಯವರು ಶುಭ ಸಮಾಚಾರವನ್ನು ಹೀಗೇಕೆ ಹೇಳುತ್ತಾರೋ ನನಗೆ ಈಗಲೂ ತಿಳಿಯದು.

ಕೆರೆಯ ಆಚೆ ತುದಿಯಲ್ಲಿ ತಗ್ಗು ಕಟ್ಟೆಯ ಮೇಲೆ ನೀರು ತೆಳ್ಳಗೆ, ಕಂದು ಸೆರಗಿನಂತೆ ಜಾರುತ್ತಿತ್ತು. ಎಷ್ಟೋ ಬೆಳಗ್ಗೆ ಅದನ್ನು ದಾಟಿ ನಡೆದಿದ್ದೆ, ಒಡೆದ ಗೋಡೆ ಎಂದುಕೊಂಡು. ಅಕ್ಕ ಹೂವು ಹಾಕಿ ಕೈಮುಗಿದರು. ವಾಕಿಂಗ್ ಬಳಗದ ಹಿರಿಯರೂ ಬಂದಿದ್ದರು, ಮೊಬೈಲಿನಲ್ಲಿ ವಿಡಿಯೋ ತೆಗೆಯುತ್ತಿದ್ದರು. ಅಕ್ಕನನ್ನು ಕಂಡು ಸ್ವಲ್ಪ ದೂರ ಸರಿದು ನಿಂತರು, ಬಹುಶಃ ಸೋಪಿನ ಕಾರಣಕ್ಕೆ. ವಾಪಸು ಬರುವಾಗ ನಮ್ಮ ಬೀದಿ ಕಾಲುವೆಯಾಗಿತ್ತು. ನೀರು ಹೊಸಿಲಿನ ರಂಗೋಲಿಯನ್ನು ಅಳಿಸಿ, ಕಲ್ಲಿನ ಅಂಚಿಗೆ ಒಂದು ಬೆರಳಿನಷ್ಟು ಕೆಳಗೆ ನಿಂತಿತ್ತು. ಸಂಜೆಯ ಹೊತ್ತಿಗೆ ಇಳಿಯಿತು. ಕಲ್ಲಿನ ಮೇಲೆ ಅದು ಬಿಟ್ಟುಹೋದ ಗೆರೆಯನ್ನು ನಾನು ಬಹಳ ಹೊತ್ತು ನೋಡಿದೆ. ಕೋಡಿ ಅಂದು ಎತ್ತರವಾಗಿದ್ದರೆ ಆ ಗೆರೆ ನನ್ನ ಹಾಸಿಗೆಯ ಮೇಲಿರುತ್ತಿತ್ತು.

ಕಥೆ ಇಲ್ಲಿಗೆ ಮುಗಿದಿದ್ದರೆ ನಾನು ಮೂರ್ಖಳಾಗಿ ನೆಮ್ಮದಿಯಿಂದ ಇರುತ್ತಿದ್ದೆ. ಆದರೆ ಅಕ್ಕ ಆ ಸಭೆಯ ಕಥೆಯನ್ನು ಬೇರೆ ಥರ ಹೇಳುತ್ತಾರೆ ಎಂದು ಮೇಲಿನ ಅಂತಸ್ತಿನ ಹುಡುಗಿಯರಿಂದ ತಿಳಿಯಿತು. ಅಕ್ಕನ ಪ್ರಕಾರ ಮೇಡಂಗೆ ಎಲ್ಲ ಗೊತ್ತಿತ್ತು. ಮೊದಲು ಮೇಲಿನ ರಸ್ತೆಯವರ ಹಾಗೆ ಮಾತಾಡಿ ಅವರನ್ನು ನಂಬಿಸಿ, ಕೈ ಎತ್ತುವ ಹೊತ್ತಿಗೆ ಸರಿಯಾಗಿ, ಏನೂ ಗೊತ್ತಿಲ್ಲದವರ ಹಾಗೆ ಆ್ಯಕ್ಟ್ ಮಾಡಿ ಮೀಟಿಂಗನ್ನೇ ಕೆಡಿಸಿಬಿಟ್ಟರು. ತಮಗೇ ಆವತ್ತು ಒಂದು ಗಳಿಗೆ ಸಿಟ್ಟು ಬಂದುಬಿಟ್ಟಿತ್ತಂತೆ, ಅಷ್ಟು ಚೆನ್ನಾಗಿ ಮಾಡಿದರಂತೆ ಆ್ಯಕ್ಟಿಂಗು. ಓದಿದವರ ತಲೆಯೇ ತಲೆ.

ತಿದ್ದಬೇಕೆಂದು ಹೊರಟೆ. ಅಕ್ಕ ಉಪ್ಪಿಟ್ಟು ಕೊಟ್ಟರು. ಉಪ್ಪಿಟ್ಟು ತಿನ್ನುತ್ತಾ ತಿದ್ದುವುದು ಕಷ್ಟ. ಆಮೇಲೆ ಬೀದಿಯ ಒಬ್ಬಿಬ್ಬರು ನನ್ನನ್ನು ಕಂಡಾಗ ಅರ್ಥಗರ್ಭಿತವಾಗಿ ನಗತೊಡಗಿದರು. ನಾನೂ ಅರ್ಥಗರ್ಭಿತವಾಗಿ ನಗತೊಡಗಿದೆ. ಈಚೆಗೆ ಆ ಸಭೆಯನ್ನು ನೆನೆದಾಗ, ಎದ್ದು ನಿಲ್ಲುವ ಮೊದಲು ನಾನು ಹಿಂದೆ ತಿರುಗಿ ಅಕ್ಕನಿಗೆ ಕಣ್ಣು ಹೊಡೆದಂತೆ ಒಂದು ಚಿತ್ರ ಬರುತ್ತದೆ. ನನಗೆ ಕಣ್ಣು ಹೊಡೆಯಲು ಬರುವುದಿಲ್ಲ. ಎರಡೂ ಕಣ್ಣು ಒಟ್ಟಿಗೇ ಮುಚ್ಚುತ್ತವೆ. ಆದರೂ ಚಿತ್ರದಲ್ಲಿ ಬಹಳ ಚೆನ್ನಾಗಿ ಹೊಡೆಯುತ್ತೇನೆ.

ಈಗ ಮುಂದೂಡಿದ ಆ ಸಭೆ ಹತ್ತಿರ ಬಂದಿದೆ. ಕೋಡಿಯ ವಿಷಯ ಮತ್ತೆ ಪಟ್ಟಿಯಲ್ಲಿದೆ. ಹಿರಿಯರು ಈ ಸಲ ಮೇಷ್ಟ್ರನ್ನು ಸಿದ್ಧಪಡಿಸುತ್ತಿದ್ದಾರೆ ಎಂಬ ಸುದ್ದಿಯಿದೆ. ನಾನು ಕೆರೆ, ಕಟ್ಟೆ, ತೂಬು, ಹಿನ್ನೀರು ಎಲ್ಲವನ್ನೂ ಓದಿಕೊಂಡು, ಮೋರಿಯ ನೀರು ಹೇಗೆ ತಿರುಗುತ್ತದೆ ಎಂದು ಚಿತ್ರವನ್ನೂ ಬರೆದುಕೊಂಡೆ. ನಿನ್ನೆ ಅಕ್ಕ ಹೊಸಿಲಿಗೆ ಅರಿಶಿನ ಬಳಿಯುತ್ತಿದ್ದಾಗ ಅದನ್ನು ತೋರಿಸಿದೆ. ಅವರು ಚಿತ್ರವನ್ನು ನೋಡಲೇ ಇಲ್ಲ.

“ಅದಿರ್ಲಿ ಮೇಡಂ” ಎಂದರು, ದನಿ ತಗ್ಗಿಸಿ. “ಈ ಸಲ ಯಾವ್ದು ಗೊತ್ತಿಲ್ಲ ಅಂತೀರ?”